ಎಲ್ಲಾ ಗೊತ್ತಿದ್ದಾಕಿಯ ಚಾತುರ್ಮಾಸ

ಮಳಿಗಾಲದಾಗ ಹಸಿ ಸೀರಿ ನೆಳ್ಳಿಗೆ ಒಣಗಿದ್ರ ಒಂದು ನಮೂನಿ ಮುಗ್ಗಲ ವಾಸನಿ ಬರ್ತೈತಿ. ಮೊನ್ನೆ ಜುಗೂಳ ಊರಿಗೆ, ತಂಗಿ ಮನಿಗೆ ಹೋಗಿದ್ನಿ. ಅಕಿ ಹಿಂದಿನ ಖೋಲ್ಯಾಗ ಮಡಿ ಸೀರಿ ಹಗ್ಗದ ಮ್ಯಾಲ ಹಾಕಿದ್ಲು. ಬಾಗಲಾ ತಗದ ಕೂಡ್ಲೆ ಆ ವಾಸನಿ ಮಾರಿಗೆ ಬಡೀತು. ತಂಗಿ "ಚಾ ಆರತೈತಿ, ಬಾರs ಅಕ್ಕಾ" ಅಂತ ಕರ್ಯಾಕತ್ತಿದ್ಲು. ನನ್ನ ಕಾಲ ಅಲ್ಲೇ ನಿಂತ್ವು. ನಾಕ ವರ್ಷದ ಹಿಂದಿನ ಚಾತುರ್ಮಾಸ, ಆಗ ನಾ ಆಡಿದ ಮಾತು, ಎಲ್ಲಾ ಒಮ್ಮೆಲೆ ಎದಿ ಮ್ಯಾಲ ಬಂದು ಕುಂತಂಗ ಆತು.

ನಾ ಶೇಡಬಾಳದಾಕಿ, ಸುಶೀಲಾ. ನಮ್ಮದು ಕಬ್ಬಿನ ಹೊಲ, ಎರಡ ಎಮ್ಮಿ, ಒಬ್ಬನ ಮಗ ಭರತ. ಅಂವ ಹೊಲಾನೂ ನೋಡ್ತಾನ, ಐನಾಪುರದಾಗ ಡ್ರಿಪ್ ಪೈಪಿನ ಅಂಗಡಿನೂ ಇಟ್ಟಾನ. ಸೊಸಿ ತೇಜಶ್ರೀ ಸಾಂಗಲಿ ಕಡ್ಯಾಕಿ, ಐನಾಪುರದ ಸಾಲ್ಯಾಗ ಟೀಚರ್. ನನಗ ಅತ್ತಿ ಅನ್ನೂದಿಲ್ಲ, ಅವರ ಕಡೆ ರಿವಾಜಿನಂಗ ಆಯಿ ಅಂತಾಳ. ನಾ ಅಕಿಗೆ ತೇಜೂ ಅಂತೇನಿ. ಆಗ ಅವರ ಮದವಿ ಆಗಿ ಆರ ವರ್ಷ ಆಗಿತ್ತು, ಮಕ್ಕಳಾಗಿದ್ದಿಲ್ಲ.

ನನ್ನ ಸ್ವಭಾವ ಮೊದಲ ಹೇಳಿಬಿಡ್ತೇನಿ, ಆಮ್ಯಾಗ ನೀವು ಬೈಯೂದು ಬ್ಯಾಡ. ನನಗ ಲಗೂನ ಯಾರ ಮ್ಯಾಲೂ ವಿಶ್ವಾಸ ಬರೂದಿಲ್ಲ. ಕಿರಾಣಿ ಅಂಗಡ್ಯಾಂವ ನನ್ನ ಕಣ್ಣ ಮುಂದ ತೂಗಿ ಕೊಟ್ರೂ ಮನಿಗೆ ಬಂದು ಮತ್ತೊಮ್ಮಿ ತೂಗತೇನಿ. ಯಾರರೆ ನಕ್ಕೋತ ಮಾತಾಡ್ಸಿದ್ರ ಇವರಿಗೆ ಏನ ಬೇಕಾಗೇತಿ ಅಂತ ಮೊದಲ ವಿಚಾರ ಬರ್ತೈತಿ. ನಮ್ಮವರು, ಭರತನ ಅಪ್ಪ, "ನಿನ್ನ ಪೊಲೀಸ್ ಖಾತೆಗೆ ಸೇರಸಬೇಕಿತ್ತು" ಅಂತ ನಗತಿದ್ರು. ನಗ್ಲಿ. ಮೋಸ ಹೋದಾವರಿಗೆ ಗೊತ್ತು ಅದರ ನೋವು ಅಂತ ನಾ ಅಂತಿದ್ನಿ. ನಾ ಯಾವಾಗ ಮೋಸ ಹೋಗಿದ್ನಿ ಅಂತ ಕೇಳಿದ್ರ ಹೇಳಾಕ ಒಂದೂ ಇಲ್ಲ ಮತ್ತ.

ಆ ವರ್ಷ ನಮ್ಮೂರ ಬಸದ್ಯಾಗ ಒಬ್ಬ ಮಹಾರಾಜರದು ಚಾತುರ್ಮಾಸ ಇತ್ತು. ಮಳಿಗಾಲದ ನಾಕ ತಿಂಗಳ ಮುನಿಗಳು ಊರಿಂದ ಊರಿಗೆ ಹೋಗೂದಿಲ್ಲ, ಒಂದೇ ಕಡೆ ಇರ್ತಾರ. ದಿನಕ್ಕ ಒಮ್ಮೆ ಆಹಾರ. ಅದೂ ನಿಂತುಕೊಂಡು, ಅಂಗೈಯಾಗ. ಆಹಾರ ಕೊಡೂ ಮನಿಯವರು ಚೌಕ ಹಾಕ್ತಾರ. ಚೌಕ ಅಂದ್ರ ಬ್ಯಾರೆ ಅಡಗಿಮನಿ, ಬ್ಯಾರೆ ಭಾಂಡಿ, ಬಾವಿಯಿಂದ ಸೇದಿ ಸೋಸಿದ ನೀರು, ಮನ್ಯಾಗ ಬೀಸಿದ ಹಿಟ್ಟು, ಯಾರೂ ಮುಟ್ಟದ ಮಡಿ ಸೀರಿ. ಭಾಳ ಕಷ್ಟದ ಕೆಲಸ. ಆದ್ರೂ ನಾ ಹಟ ಹಿಡದು ಹಾಕಿದ್ನಿ. ಪುಣ್ಯ ಬಂದು ಮಗನಿಗೆ ಒಂದು ಕೂಸಾಗ್ಲಿ ಅಂತ.

ಚೌಕ ಹಾಕಿದ್ರ ಆತೇನು, ಮಹಾರಾಜರು ಬರಬೇಕಲ್ಲ? ಅವರು ಬಸದಿ ಬಿಡೂ ಮುಂದ ಮನಸಿನ್ಯಾಗ ಒಂದು ಗುರುತು ಹಿಡಕೊಂಡು ಹೊಂಡ್ತಾರ. ಗಂಡ ಹೆಂಡತಿ ಜೋಡೀಲೆ ನಿಂತಿರಬೇಕು ಅಂತಿರಬಹುದು, ಕೈಯಾಗ ತೆಂಗಿನಕಾಯಿ ಇರಬೇಕು ಅಂತಿರಬಹುದು, ಯಾರಿಗೂ ಹೇಳೂದಿಲ್ಲ. ಆ ಗುರುತು ಯಾವ ಬಾಗಲದಾಗ ಕಾಣತೈತೋ ಅಲ್ಲೇ ನಿಲ್ತಾರ. ಎಲ್ಲೂ ಕಾಣಲಿಲ್ಲಂದ್ರ ಹಂಗ ಹೊಳ್ಳಿ ಹೋಗಿ ಆ ದಿನ ಉಪವಾಸ. ನಾವು ನಾಕೂ ಮಂದಿ ದಿನಾ ಮುಂಜಾನೆ ಮಡಿ ಉಟ್ಕೊಂಡು ಬಾಗಲದಾಗ ನಿಲ್ಲತಿದ್ವಿ. ಒಂದಿನ ಕಾಯಿ ಹಿಡದ್ವಿ, ಒಂದಿನ ಕಲಶ ಹಿಡದ್ವಿ, ಒಂದಿನ ಲವಂಗ ಹಿಡದ್ವಿ. ಮಹಾರಾಜರು ನೆಲಾ ನೋಡ್ಕೋತ ಬಂದು ನೆಲಾ ನೋಡ್ಕೋತ ಹಾದು ಹೋಗತಿದ್ರು. ತಿಂಗಳ ಆತು. ಓಣ್ಯಾಗಿನ ಎಲ್ಲಾ ಚೌಕಕ್ಕೂ ಒಮ್ಮೊಮ್ಮೆ ಬಂದಿದ್ರು, ನಮ್ಮ ಒಬ್ಬರ ಮನಿ ಉಳದಿತ್ತು.

ನನ್ನ ತಲ್ಯಾಗ ಹುಳ ಕೊರ್ಯಾಕ ಸುರು ಆತು. ಯಾರದೋ ದೋಷ ಐತಿ. ಯಾರದು? ನಂದಂತೂ ಅಲ್ಲ.

ತೇಜೂನ ನಡವಳಿಕಿ ಆಗ ಬದಲಾಗಿತ್ತು. ಫೋನ್ ಬಂತಂದ್ರ "ಹಾಂ ಮೇಡಂ, ಹೌದ್ರಿ ಮೇಡಂ" ಅನ್ಕೋತ ಮಾಳಗಿ ಹತ್ತತಿದ್ಲು. ಮಳಿ ಬರಾಕತ್ತಿದ್ರೂ ಛತ್ರಿ ಹಿಡಕೊಂಡು ಮ್ಯಾಲೇ. ಸಾಲೀದು ಟ್ರೇನಿಂಗ್ ಐತಿ ಅಂತ ಎರಡ ಸಲ ಶನಿವಾರ ಬೆಳಗಾವಿಗೆ ಹೋದ್ಲು. ಅಕಿ ಸಾಲಿಯ ಇನ್ನೊಬ್ಬ ಟೀಚರಬಾಯಿ ಅವತ್ತ ನನಗ ಸಂತ್ಯಾಗ ಭೇಟಿ ಆಗಿದ್ಲು. "ಯಾವ ಟ್ರೇನಿಂಗ್ ರೀ?" ಅಂದ್ಲು. ನಾ ಬದನಿಕಾಯಿ ಆರಸೂದು ಬಿಟ್ಟು ಸೀದಾ ಮನಿ ಹಾದಿ ಹಿಡದ್ನಿ.

ಬಾಜೂ ಮನಿ ಕುಸುಮಕ್ಕಗ ಹೇಳಿದ್ನಿ. ಹೇಳಬಾರದಿತ್ತು. ಅಕಿ ತಮ್ಮನ ಸೊಸಿ ಗಂಡನ್ನ ಬಿಡಾಕ ಸೋಡಚೀಟಿ ಕೇಳಿ ಕೋರ್ಟಿಗೆ ಹೋಗ್ಯಾಳ, ಅಕಿಗೆ ಜಗತ್ತಿನ ಸೊಸ್ತ್ಯಾರೆಲ್ಲಾ ಹಂಗ ಕಾಣ್ತಾರ. ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ. "ಸುಶೀಲಕ್ಕ, ಮೊದಲ ಗುಪ್ತ ಫೋನ್. ಆಮ್ಯಾಗ ಕಾಗದ ಕೂಡಸ್ತಾರ. ಆಮ್ಯಾಗ ಒಂದಿನ ನೋಟೀಸ್ ಬರ್ತೈತಿ. ಕಪಾಟ ನೋಡಿಯೇನು?" ಅಂದ್ಲು.

ಚಾವಿ ಹುಡಕಾಕ ಹೋಗಿದ್ನಿ ಅಂತ ಆಗ ನಾ ನನಗ ಹೇಳ್ಕೊಂಡಿದ್ನಿ. ಖರೇ ಹೇಳ್ತೇನಿ, ಕಪಾಟ ನೋಡಾಕ ಹೋಗಿದ್ನಿ. ಸೀರಿ ಬುಡಕ ಒಂದು ಹಸರ ಫೈಲ್ ಇತ್ತು. ಹೊಲದ ಪಹಣಿ ಉತಾರ, ಆದಾಯದ ದಾಖಲೆ, ಮದವಿ ಸರ್ಟಿಫಿಕೇಟ, ಇಬ್ಬರದೂ ದವಾಖಾನಿ ರಿಪೋರ್ಟ, ಮ್ಯಾಲ ಮನಿ ಫೋಟೋ. ಪಡಸಾಲಿದು, ಅಡಗಿಮನಿದು, ಸಂಡಾಸದ್ದು ಸುದ್ದಾ! ಉಳದ ಕಾಗದ ಎಲ್ಲಾ ಇಂಗ್ಲೀಷಿನ್ಯಾಗ. ನನಗ ಓದಾಕ ಬರೂದು ಕನ್ನಡ ಮರಾಠಿ ಎರಡ. ಸಂಡಾಸದ ಫೋಟೋ ತಗೊಂಡು ಯಾವ ಕೋರ್ಟ್ ಏನ ಮಾಡತೈತಿ ಅಂತ ವಿಚಾರ ಮಾಡೂವಷ್ಟು ಶಾಣ್ಯಾತನ ಆಗ ನನಗ ಇದ್ದಿಲ್ಲ. ಉತಾರ ಕಂಡಿತ್ತಲ್ಲ, ಅಷ್ಟ ಸಾಕಾತು. ಹೊಲದಾಗ ಪಾಲ ಕೇಳ್ತಾಳ, ಮಗನ್ನ ಬಿಡ್ತಾಳ ಅಂತ ನಿಕ್ಕಿ ಮಾಡ್ಕೊಂಡ್ನಿ.

ನಾಕ ದಿನಕ್ಕ ಒಬ್ಬ ಪೊಲೀಸ್ ಬಂದು ಕುಸುಮಕ್ಕನ ಕಟ್ಟಿ ಮ್ಯಾಲ ಕುಂತು, "ಈ ಬಾಜೂ ಮನ್ಯಾಗ ಜಗಳ ಪಗಳ ಏನಾರ ಐತೇನ್ರಿ? ಹುಡುಗ ಹುಡುಗಿ ಹೆಂಗ?" ಅಂತ ಕೇಳಿ ಹೋದ. ಕುಸುಮಕ್ಕ ಓಡಿ ಬಂದು ಹೇಳಿದ್ಲು. ಇನ್ನ ಏನ ಬಾಕಿ ಉಳದಿತ್ತು?

ನಮ್ಮವರ ಮುಂದ ಮಾತು ತಗದ್ನಿ. ಅವರು ಎಮ್ಮಿ ಮೈ ತೊಳ್ಯಾಕತ್ತಿದ್ರು. "ಅಷ್ಟ ಸಂಶೇ ಇದ್ರ ಅಕಿನ್ನ ಕೇಳಿಬಿಡಲ್ಲ" ಅಂದ್ರು.

"ಕೇಳಿದ್ರ ಖರೇ ಹೇಳ್ತಾಳೇನ್ರಿ?"

"ನೀ ಕೇಳಿ ನೋಡು ಅಂದೆ," ಅಂತ ಮತ್ತ ಎಮ್ಮಿ ಕಡೆ ಹೊಳ್ಳಿದ್ರು. ಅವರ ಮೀಸಿ ಬುಡಕ ಒಂದು ನಗಿ ಇತ್ತು. ಅದ್ಯಾಕ ಅಂತ ನಾ ನೋಡಲಿಲ್ಲ. ಕೇಳೂದು ನನ್ನ ಜಾಯಮಾನ ಅಲ್ಲ. ಕಂಡ ಹಿಡ್ಯೂದು ನನ್ನ ಜಾಯಮಾನ.

ಆ ವಾರ ಮಹಾರಾಷ್ಟ್ರದ ಕಡೆ ಭಾಳ ಮಳಿ ಹೊಡೀತು. ಡ್ಯಾಮಿನಿಂದ ನೀರ ಬಿಟ್ರು, ಕೃಷ್ಣಾ ಹೊಳಿ ದಿನಕ್ಕ ಒಂದು ಗೇಣ ಏರಾಕತ್ತಿತ್ತು. ನಮ್ಮೂರಾಗ ಬರೇ ಜಿಟಿ ಜಿಟಿ. ಒಂದಿನ ಮಧ್ಯಾಹ್ನ ಮನ್ಯಾಗ ನಾ ಒಬ್ಬಾಕಿನ ಇದ್ನಿ. ಒಬ್ಬ ಹೆಣ್ಣಮಗಳು, ನಲವತ್ತರ ಆಸುಪಾಸು, ಒಂದು ಕೈಯಾಗ ಛತ್ರಿ, ಒಂದು ಕೈಯಾಗ ಕೆಸರಾದ ಚಪ್ಪಲಿ ಹಿಡಕೊಂಡು ಅಂಗಳದಾಗ ನಿಂತಿದ್ಲು.

"ಭರತ ಅವರ ಮನಿ ಇದೇ ಏನ್ರಿ? ನಾ ಬೆಳಗಾವಿಯಿಂದ ಬಂದೇನ್ರಿ, ಶೈಲಾ ಅಂತ. ನಾಳೆ ಬರ್ತೇನಿ ಅಂತ ಹೇಳಿದ್ನಿ. ಆದ್ರ ಹೊಳಿ ಏರಾಕತ್ತೈತಿ, ನಾಳೆ ಸೇತುವಿ ಮುಳಗಿದ್ರ ಕಷ್ಟ ಅಂತ ಇವತ್ತ ಬಂದ್ನಿ. ಅವರದು ಫೋನ್ ಹತ್ತವಲ್ತು."

ಬೆಳಗಾವಿ! ಫೋನಿನ ಮೇಡಂ ಇವಳ, ಸೋಡಚೀಟಿ ಮಾಡ್ಸೂ ವಕೀಲಬಾಯಿ ಅಂದ್ಕೊಂಡ್ನಿ. ಒಳಗ ಕರದು ಚಾಪಿ ಹಾಸಿದ್ನಿ, ನೀರ ಕೊಟ್ನಿ. ಅಕಿ ಕಣ್ಣು ಮನಿ ಎಲ್ಲಾ ಸುತ್ತಿ ಬಂತು. ಚೀಲದಾಗಿಂದ ಒಂದು ವಹಿ ತಗದ್ಲು.

"ಅವರು ಅರ್ಜಿ ಹಾಕಿದ್ದು ನಿಮಗ ಗೊತ್ತೈತಿ ಅಲ್ರಿ, ಅಮ್ಮ?"

ಇಲ್ಲೇ ನಾ ಕೆಟ್ನಿ. ಗೊತ್ತಿಲ್ಲ ಅಂದ್ರ ಈಕಿ ಬಾಯಿ ಬಿಡೂದಿಲ್ಲ, ಗೊತ್ತೈತಿ ಅಂದ್ರ ಎಲ್ಲಾ ಹೊರಗ ಬರ್ತೈತಿ ಅಂತ ನನ್ನ ಲೆಕ್ಕ. "ಗೊತ್ತೈತ್ರಿ, ಗೊತ್ತಿಲ್ದ ಏನ. ಈ ಮನ್ಯಾಗ ನನಗ ಗೊತ್ತಾಗದ್ದು ಏನೂ ನಡ್ಯೂದಿಲ್ಲ," ಅಂದ್ನಿ.

"ಚಲೋ ಆತು. ನಿಮ್ಮ ಒಪ್ಪಿಗಿ ಐತೇನ್ರಿ?"

"ಸುತರಾಂ ಇಲ್ಲ."

ಅಕಿ ಪೆನ್ ನಿಂತಿತು. "ಯಾಕ್ರಿ?"

"ಯಾಕಂದ್ರ? ನಮ್ಮದು ಮರ್ಯಾದಿ ಮನಿ."

ಅಕಿ ಏನೋ ಬರಕೊಂಡ್ಲು. ಆಮ್ಯಾಗ ದನಿ ಸಣ್ಣ ಮಾಡಿ ಕೇಳಿದ್ಲು, "ನಿಮ್ಮ ಸೊಸಿ ಸ್ವಭಾವ ಹೆಂಗ್ರಿ? ಸಣ್ಣ ಮಕ್ಕಳ ಜೋಡಿ ಹೆಂಗ ಇರ್ತಾರ?"

ಓಹೋ ಅಂದ್ಕೊಂಡ್ನಿ. ಮಕ್ಕಳಾಗದ್ದಕ್ಕ ನನ್ನ ಮಗನ ತಪ್ಪು ಅಂತ ಬರಸಾಕ ಬಂದಾಳ. ನನ್ನ ನಾಲಿಗಿಗೆ ಕಾಲ ಮೂಡಿದ್ವು. "ಅಕಿಗೆ ಮಕ್ಕಳಂದ್ರ ಆಗೂದಿಲ್ರಿ. ಅಕಿನ ಬ್ಯಾಡ ಅಂದಾಕಿ. ಸಾಲ್ಯಾಗ ಹುಡುಗರಿಗೆ ದನಾ ಬಡದಂಗ ಬಡೀತಾಳ. ಮನ್ಯಾಗ ಗಂಡನ ಜೋಡಿ ಎರಡ ಮಾತು ಸೀದಾ ಇಲ್ಲ." ಒಂದೂ ಖರೇ ಅಲ್ಲ. ಒಂದೊಂದು ಸುಳ್ಳು ಹೇಳೂ ಮುಂದ ನನಗ ಎಷ್ಟ ಹುರುಪ ಬಂದಿತ್ತಂದ್ರ, ಅದನ್ನ ಈಗ ನೆನಸಿದ್ರ ಮೈ ಝುಂ ಅಂತೈತಿ. ಮಗನ್ನ ಉಳಸಾಕತ್ತೇನಿ ಅಂತ ನನಗ ಹೆಮ್ಮಿ.

ಶೈಲಾ ಮೇಡಂ ವಹಿ ಮುಚ್ಚಿದ್ಲು. ಚಾ ಬ್ಯಾಡ ಅಂದ್ಲು. "ಅವರ ಜೋಡಿ ಬೆಳಗಾವ್ಯಾಗ ಮಾತಾಡ್ತೇನ್ರಿ," ಅಂತ ಚಪ್ಪಲಿ ಮೆಟ್ಟಿಕೊಂಡು ಹೋದ್ಲು.

ಅವತ್ತ ಸಂಜೀಕ ಭರತ ಬಂದು ನನ್ನ ಬಾಜೂ ಕುಂತ. ತೇಜೂ ಕಂಬಕ್ಕ ಆನಿಕೊಂಡು ನಿಂತಿದ್ಲು. "ಅವ್ವ, ನಿನಗ ಒಂದು ಮಾತು ಹೇಳೂದೈತಿ. ನಾಳೆ ಒಬ್ಬರು ಬರಾವರು ಅದಾರ," ಅಂದ.

"ಏನೂ ಹೇಳಬ್ಯಾಡ. ನನಗೆಲ್ಲಾ ಗೊತ್ತೈತಿ."

ಅಂವ ತೇಜೂನ ಮಾರಿ ನೋಡಿದ. "ಅಪ್ಪ ಹೇಳಿದ್ನೇನು? ನಿನಗ ಸಿಟ್ಟ ಬರಲಿಲ್ಲಾ?"

"ನನ್ನ ಸಿಟ್ಟ ತಗೊಂಡು ಏನ ಮಾಡ್ತೀರಿ? ನಿಮ್ಮ ಬಾಳ್ವಿ, ನೀವು ನೋಡ್ಕೋರಿ," ಅಂತ ಎದ್ದು ಹೋದ್ನಿ. ಹೊಳ್ಳಿ ನೋಡಿದ್ರ ಇಬ್ಬರೂ ನಗಾಕತ್ತಿದ್ರು. ನನಗ ಅದೂ ಸಂಶೇಕ ಕಾರಣ ಆತು. ಬಿಡಾಕ ಹೊಂಟಾಕಿ ನಗೂದ್ಯಾಕ? ಮರುದಿನ ತೇಜೂ ಮನಿ ಎಲ್ಲಾ ಸಾರಿಸಿ, ಶಿರಾ ಮಾಡಿ, ಹಾದಿ ಕಾಯ್ಕೋತ ಕುಂತಿದ್ಲು. ಮೇಡಂ ನಿನ್ನೇನ ಬಂದು ಹೋಗ್ಯಾಳ ಅಂತ ನಾ ಬಾಯಿ ಬಿಡಲಿಲ್ಲ. ಹೊಳಿ ಏರಿದ್ದಕ್ಕ ಬರಲಿಲ್ಲ ಅಂತ ಅವರು ತಿಳ್ಕೊಂಡ್ರು.

ಎಂಟ ದಿನಕ್ಕ ಅವರಿಬ್ಬರನ್ನೂ ಬೆಳಗಾವಿಗೆ ಕರಸಿದ್ರು. ಹೊತ್ತ ಮುಳಗಾಕ ಇನ್ನೊಂದು ತಾಸಿತ್ತು, ಅಷ್ಟರಾಗ ಹೊಳ್ಳಿ ಬಂದ್ರು. ನಾವು ಹೊತ್ತ ಮುಳಗಿದ ಮ್ಯಾಲ ಊಟಾ ಮಾಡೂದಿಲ್ಲ, ಅದಕ್ಕ ನಾ ತಾಟ ಹಾಕಿದ್ನಿ. ಯಾರೂ ಕೂಡ್ಲಿಲ್ಲ. ಭರತನ ಮಾರಿ ಕರ್ರಗಾಗಿತ್ತು.

"ಅವ್ವ, ನೀ ಆ ಮೇಡಂ ಮುಂದ ಏನ ಅಂದಿ?"

"ಯಾವ ಮೇಡಂ?" ಅಂದ್ನಿ. ಅಷ್ಟ ದೊಡ್ಡ ಸುಳ್ಳ ಹೇಳಿದಾಕಿಗೆ ಇನ್ನೊಂದು ಏನ ಭಾರ?

"ನಾವು ಒಂದು ಕೂಸನ್ನ ದತ್ತಕ ತಗೋಬೇಕಂತ ಅರ್ಜಿ ಹಾಕಿದ್ವಿ. ಒಂದೂವರಿ ವರ್ಷ ಆತು. ಮನಿ ನೋಡಾಕ, ಮನಿಯವರನ್ನ ಮಾತಾಡ್ಸಾಕ ದತ್ತಕದ ಆಫೀಸಿನ ಆ ಮೇಡಂ ಬರೂದಿತ್ತು. ಸೊಸಿಗೆ ಮಕ್ಕಳಂದ್ರ ಆಗೂದಿಲ್ಲ, ಹೊಡೀತಾಳ, ನಿನ್ನ ಒಪ್ಪಿಗಿ ಸುತರಾಂ ಇಲ್ಲ ಅಂತ ನಿನ್ನ ಬಾಯಿಲೆ ಬರಕೊಂಡಾರ. ಇಂಥಾ ಮನಿಗೆ ಕೂಸನ್ನ ಹೆಂಗ ಕಳಸೂದ್ರಿ ಅಂತ ಅರ್ಜಿ ತಡದಾರ."

ಉತಾರ, ದವಾಖಾನಿ ರಿಪೋರ್ಟ, ಪೊಲೀಸ, ಸಂಡಾಸದ ಫೋಟೋ, ಎಲ್ಲಾ ಒಂದೊಂದ ತಮ್ಮ ತಮ್ಮ ಜಾಗಾಕ್ಕ ಹೋಗಿ ಕುಂತ್ವು. "ನನಗ ಯಾಕ ಹೇಳಲಿಲ್ಲ?" ಅಂತ ಒದರಿದ್ನಿ. ತಪ್ಪ ಮಾಡಿದಾವರು ಮೊದಲ ದನಿ ಎತ್ತತಾರ ನೋಡ್ರಿ.

"ಹೆಂಗ ಹೇಳೂದು? ಯಾರ ಹೊಟ್ಟ್ಯಾಗ ಹುಟ್ಟಿದ್ದೋ ಏನೋ, ಅಂಥಾ ಕೂಸಿನ ಕೈಲೆ ನೀರ ಹೆಂಗ ಕುಡ್ಯೂದು ಅಂತ ಯಾರದೋ ಮನಿ ಸುದ್ದಿ ಬಂದಾಗ ಅಂದಾಕಿ ನೀನ. ಅಪ್ಪಗ ಮೊದಲ ಹೇಳಿದ್ವಿ. ನಿನಗ ಹೇಳಾಕ ಬಂದಾಗ ಎಲ್ಲಾ ಗೊತ್ತೈತಿ ಅಂದಿ. ಅಪ್ಪ ಒಪ್ಪಸ್ಯಾನ ಅಂತ ನಾವು ಖುಷಿ ಪಟ್ವಿ, ಅವ್ವ!"

ನಮ್ಮವರು ತಲಿ ಕೆಳಗ ಹಾಕಿದ್ರು. ತೇಜೂ ನನ್ನ ಮುಂದ ಬಂದು ಕುಂತ್ಲು. ಅಳೂದಿಲ್ಲ, ಒದರೂದಿಲ್ಲ. "ಆಯಿ, ನಾ ಸಾಲಿ ಹುಡುಗರಿಗೆ ಹೊಡದದ್ದು ನೀವು ಯಾವಾಗ ನೋಡಿದ್ರಿ?" ಅಂದ್ಲು.

ನಾ ಹಾಕಿದ ತಾಟ ಎತ್ತಿ ಒಳಗಿಟ್ನಿ. ಹೊರಗ ಹೊತ್ತ ಮುಳಗಿತು. ಮಾಡಿದ ಅಡಗಿ ಹಂಗ ಉಳೀತು, ನಾಕೂ ಮಂದಿ ಉಪವಾಸ ಮಕ್ಕೊಂಡ್ವಿ.

ಮುಂಜಾನೆ ಚೌಕದಾಗ ನಿಲ್ಲೂದು ಬ್ಯಾಡ ಅಂದ್ನಿ ನಾ. "ಹಿಟ್ಟ ಬೀಸೇತಿ, ನೀರ ಸೇದೇತಿ, ನೇಮ ನಡು ಬಿಡಬಾರದು" ಅಂದ್ರು ನಮ್ಮವರು. ತೇಜೂ ಆಗಲೇ ಮಡಿ ಸೀರಿ ಉಟ್ಕೊಂಡು ಅಡಗಿ ಮುಗಿಸಿದ್ಲು. ಸೀರಿ ಇನ್ನೂ ಹಸಿ ಇತ್ತು, ಮುಗ್ಗಲ ವಾಸನಿ ಬರತಿತ್ತು. ಬಾಗಲದಾಗ ಬಂದು ಭರತನ ಬಾಜೂ ನಿಂತ್ಲು. ಕಲಶ ನನ್ನ ಕೈಯಾಗ.

ಮಹಾರಾಜರು ನೆಲಾ ನೋಡ್ಕೋತ ಬಂದ್ರು. ಕುಸುಮಕ್ಕನ ಮನಿ ದಾಟಿದ್ರು. ನಮ್ಮ ಬಾಗಲಕ್ಕ ಬಂದು ನಿಂತ್ರು.

ತಿಂಗಳ ಮ್ಯಾಲ ಕಾದಿದ್ನಿ. ನಿಲ್ಲಬಾರದ ದಿನಾ ನಿಂತ್ರು! "ಹೇ ಸ್ವಾಮೀ, ನಮೋಸ್ತು, ನಮೋಸ್ತು, ನಮೋಸ್ತು. ಅತ್ರ, ಅತ್ರ. ತಿಷ್ಠ, ತಿಷ್ಠ," ಅಂದ್ನಿ. ಅದರ ಮುಂದಿಂದು ಸಣ್ಣ ಹುಡುಗರಿಗೂ ಬರ್ತೈತಿ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ಕೊಡೂವರು ಇಷ್ಟ ಅಂದ್ರ ಮುನಿಗಳು ಒಳಗ ಬರ್ತಾರ. ಮನಸು ಶುದ್ಧ, ಮಾತು ಶುದ್ಧ ಅಂತ ನಾ ಅವರ ಮುಂದ ನಿಂತು ಹೇಳಬೇಕು. ಬಾಜೂಕ ತೇಜೂ ನಿಂತಾಳ. ನಮ್ಮವರು ಅಂದ್ರು, ಭರತ ಅಂದ, ತೇಜೂ ಸುದ್ದಾ ಅಂದ್ಲು. ಮುಂದ ನಿಂತ ನಾ ಅನ್ನಲಿಲ್ಲ.

ಮಹಾರಾಜರು ಒಂದು ಕ್ಷಣ ನಿಂತ್ರು. ಆಮ್ಯಾಗ ಸಾವಕಾಶ ಮುಂದ ಹೋದ್ರು. ಓಣಿ ಕಡೀತನಕ ಹೋದ್ರು, ಎಲ್ಲೂ ನಿಲ್ಲಲಿಲ್ಲ. ಅವತ್ತ ಅವರು ಉಪವಾಸ.

ಊರ ಗಪ್ಪ ಇರತೈತೇನು? ಮಧ್ಯಾಹ್ನ ಬಸದಿ ಕಟ್ಟಿ ಮ್ಯಾಲ ಹೆಂಗಸರು ಕುಂತಿದ್ರು. ಕುಸುಮಕ್ಕ ನನ್ನ ಕಂಡು ಮೂಗ ಮುರದು, "ನಾ ಮೊದಲ ಅಂದಿದ್ನಿ. ಮಕ್ಕಳಿಲ್ಲದಾಕಿನ್ನ ಚೌಕದಾಗ ಮುಂದ ಯಾಕ ನಿಲ್ಲಸಬೇಕಿತ್ತು? ಅಕಿ ದೋಷಕ್ಕ ಮಹಾರಾಜರು ಉಪವಾಸ," ಅಂದ್ಲು.

"ಕುಸುಮಕ್ಕ, ಬಾಯಿ ಮುಚ್ಚು," ಅಂದ್ನಿ. "ದೋಷ ನಂದು. ನಾ ನನ್ನ ಸೊಸಿ ಮ್ಯಾಲ ಸುಳ್ಳ ಹೇಳಿ ಅಕಿ ಸಂಸಾರಕ್ಕ ಕಲ್ಲ ಹಾಕೀನಿ. ಮಂತ್ರ ಅನ್ನಲಾರದ ನಿಂತಾಕಿ ನಾನು, ಅಕಿ ಅಲ್ಲ. ಹೋಗು, ಊರಿಗೆಲ್ಲಾ ಹೇಳು. ನೀ ಹೆಂಗೂ ಹೇಳಾಕಿನ."

ಒಳಗ ಹೋಗಿ ಮಹಾರಾಜರ ಮುಂದ ಕುಂತು ಎಲ್ಲಾ ಹೇಳಿ ಅತ್ನಿ. ಪ್ರಾಯಶ್ಚಿತ್ತ ಕೊಡ್ರಿ, ಎಷ್ಟ ಉಪವಾಸ ಅಂದ್ರೂ ಮಾಡ್ತೇನಿ ಅಂದ್ನಿ.

ಅವರು ಪೂರಾ ಕೇಳಿದ್ರು. "ಸುಳ್ಳ ಯಾರ ಮುಂದ ಹೇಳಿದಿ?" ಅಂದ್ರು.

"ಬೆಳಗಾವಿ ಆಫೀಸಿನ ಒಬ್ಬರು ಮೇಡಂ ಮುಂದ್ರಿ."

"ಮತ್ತ ಖರೇ ನನ್ನ ಮುಂದ ಯಾಕ ಹೇಳಾಕತ್ತಿ?"

ಅಷ್ಟ ಅಂದು ಅವರು ಶಾಸ್ತ್ರ ಓದಾಕ ಹತ್ತಿದ್ರು. ಒಂದು ಉಪವಾಸನೂ ಕೊಡಲಿಲ್ಲ. ಕೊಟ್ಟಿದ್ರ ಎಷ್ಟ ಸಸಾರ ಆಗತಿತ್ತು!

ಹೊಳಿ ಇಳದ ಮ್ಯಾಲ ಬೆಳಗಾವಿಗೆ ಹೊಂಟ್ನಿ. ನಮ್ಮವರ ಜೋಡಿ ಹೋಗಬೇಕಂತಿದ್ನಿ. ಬಸ್ ಸ್ಟ್ಯಾಂಡಿಗೆ ತೇಜೂ ಬಂದ್ಲು, ಸಾಲಿಗೆ ರಜಾ ಹಾಕಿ. ನನಗ ಹಿಗ್ಗಾತು. "ನನ್ನ ಸಂಗಾಟ ಬರ್ತಿಯೇನವ್ವ?" ಅಂದ್ನಿ.

"ನೀವು ಅಲ್ಲಿ ಏನ ಹೇಳ್ತೀರಿ ಅಂತ ನಾ ಕೇಳಬೇಕಲ್ಲ, ಆಯಿ. ನನಗ ನಿಮ್ಮ ಮ್ಯಾಲ ಭರವಸಾ ಉಳದಿಲ್ಲ," ಅಂದು ಮುಂದಿನ ಸೀಟಿನ್ಯಾಗ ಕುಂತ್ಲು. ಬೆಳಗಾವಿ ಮುಟ್ಟೂ ತನಕ ಅಕಿ ಹೆರಳ ನೋಡ್ಕೋತ ಹೋದ್ನಿ. ಎಲ್ಲಾರ ಮ್ಯಾಲ ಸಂಶೇ ಪಡೂದು ಗೊತ್ತಿತ್ತು. ನನ್ನ ಮ್ಯಾಲ ಒಬ್ಬರು ಸಂಶೇ ಪಟ್ರ ಇಷ್ಟ ಉರೀತೈತಿ ಅಂತ ಗೊತ್ತಿದ್ದಿಲ್ಲ.

ಶೈಲಾ ಮೇಡಂ ನಮ್ಮಿಬ್ಬರನ್ನೂ ನೋಡಿ ಮೊದಲ ತೇಜೂನ್ನ ಹೊರಗ ಕಳಿಸಿದ್ಲು. ಬಾಗಲಾ ಮುಚ್ಚಿ ಕೇಳಿದ್ಲು, "ಖರೇ ಹೇಳ್ರಿ ಅಮ್ಮ. ಮಗ ಸೊಸಿ ಹೆದರಿಸಿ ಕರ್ಕೊಂಡ ಬಂದಾರೇನು? ಅವತ್ತ ಹೇಳಿದ್ದು ಖರೇನೋ, ಇವತ್ತ ಹೇಳೂದು ಖರೇನೋ, ನಾ ಹೆಂಗ ನಂಬಲಿ?"

ನೋಡ್ರಿ ನನ್ನ ಪರಿಸ್ಥಿತಿ! ಕಾಲ ಹಿಡೀತೇನಿ ಅಂದ್ನಿ, ಬ್ಯಾಡ ಅಂದ್ಲು. ಆಣಿ ಮಾಡ್ತೇನಿ ಅಂದ್ನಿ, ಆಣಿ ಬರಕೊಳ್ಳಾಕ ಬರೂದಿಲ್ಲ ಅಂದ್ಲು. "ನಿಮ್ಮ ಸೊಸಿ ಮಕ್ಕಳ ಜೋಡಿ ಇದ್ದದ್ದು ನೀವು ಕಣ್ಣಾರೆ ನೋಡಿದ್ದು ಒಂದರೆ ಹೇಳ್ರಿ. ಕೇಳಿದ್ದಲ್ಲ, ನೋಡಿದ್ದು."

ಆಗ ಹೇನಿನ ಸುದ್ದಿ ಹೇಳಿದ್ನಿ. ಅಕಿ ಸಾಲ್ಯಾಗ ಒಂದು ಹುಡುಗಿ ತಲಿ ತುಂಬ ಹೇನು ಅಂತ ಯಾರೂ ಬಾಜೂ ಕುಂಡ್ರಸ್ಕೋತಿದ್ದಿಲ್ಲ. ತಾಯಿಗೆ ಕಬ್ಬಿನ ಹೊಲದ ಕೆಲಸದಾಗ ಪುರಸತ್ತ ಇಲ್ಲ. ತೇಜೂ ಆಯ್ತವಾರಕ್ಕೊಮ್ಮೆ ಅದನ್ನ ನಮ್ಮ ಹಿತ್ತಲಕ್ಕ ಕರ್ಕೊಂಡು ಬರತಿದ್ಲು. ಎಣ್ಣಿ ಹಚ್ಚಿ, ಸಣ್ಣ ಹಣಗಿ ತಗೊಂಡು ತಾಸಗಟ್ಲೆ ಬಾಚತಿದ್ಲು. ನಾವು ಜೈನರು, ಹೇನ ಕುಕ್ಕಾಂಗಿಲ್ಲ. ಒಂದೊಂದ ಹೇನು ತಗದು ಎಲಿ ಮ್ಯಾಲ ಇಟ್ಟು, ಬೇಲಿ ನೆಳ್ಳಿಗೆ ಹೋಗಿ ಬಿಟ್ಟ ಬರತಿದ್ಲು. ಒಂದಕ್ಕೊಮ್ಮೆ ಏಳೂದು, ಒಂದಕ್ಕೊಮ್ಮೆ ಕೂಡೂದು. ಹುಡುಗಿ ನಗತಿತ್ತು, ಈಕೀನೂ ನಗತಿದ್ಲು. "ಮನಿಗೆ ಹೇನ ತರ್ತಿಯೇನs" ಅಂತ ನಾ ಬೈದೀನ್ರಿ ಮೇಡಂ. ಆರ ವಾರ ಹಂಗ ಮಾಡಿದ್ಲು. ಆ ಹುಡುಗಿ ಯಾರದು, ಈಕಿಗೆ ಯಾಕ ಬೇಕು ಅಂತ ನಾ ಅದಕ್ಕೂ ಸಂಶೇ ಪಟ್ಟೀನಿ.

ಮೇಡಂ ಪೆನ್ ಕೆಳಗಿಟ್ಟು ನನ್ನ ನೋಡಿದ್ಲು. "ಇದನ್ನೂ ಸೊಸಿ ಕಲಿಸಿ ಕಳಿಸ್ಯಾರೇನ್ರಿ?"

"ಹೇನಿನ ಸುದ್ದಿ ಯಾರರೆ ಕಲಸ್ತಾರೇನ್ರಿ?"

ಅಕಿಗೆ ನಗಿ ಬಂತು. ನಗಿ ಮುಗಿಸಿ ಇನ್ನೊಂದು ಕೇಳಿದ್ಲು. "ಕೂಸು ಯಾರದು, ಯಾವ ಜಾತಿ, ಯಾವ ಧರ್ಮ ಅಂತ ನಾವು ಹೇಳೂದಿಲ್ಲ. ನಾಳೆ ಅದು ನಿಮ್ಮ ಅಡಗಿಮನ್ಯಾಗ ಓಡ್ಯಾಡತೈತಿ. ನಿಮ್ಮ ಮಂದಿ ಏನಂತಾರ? ನಿಮ್ಮ ಮನಸ ಏನಂತೈತಿ?"

ಬಾಯಿಗೆ ಬರೋಬ್ಬರಿ ಉತ್ತರ ಬಂದಿತ್ತು. ಎಲ್ಲಾರೂ ಒಪ್ಪತಾರ್ರಿ, ನನಗ ಭೇದ ಇಲ್ರಿ ಅಂತ. ಅಂದ್ರ ಅದೂ ಒಂದು ಸುಳ್ಳ ಆಗತಿತ್ತು. "ನನಗ ಗೊತ್ತಿಲ್ರಿ," ಅಂದ್ನಿ. "ಊರಾಗ ಕೆಲವರು ಅಂತಾರ. ಚೌಕ ಹಾಕಬ್ಯಾಡ್ರಿ ಅಂತಾರೋ ಏನೋ, ಗೊತ್ತಿಲ್ಲ. ನನ್ನ ಮನಸಿನ್ಯಾಗೂ ಏನೇನ ಬರ್ತೈತೋ ಗೊತ್ತಿಲ್ಲ. ಆದ್ರ ಕೂಸಿಗೆ ನನ್ನ ಕೈಲೆ ಕಡಿಮಿ ಆಗೂದಿಲ್ಲ."

ಅದನ್ನ ಹಂಗ ಬರಕೊಂಡ್ಲು. ಮತ್ತೊಮ್ಮೆ ಮನಿಗೆ ಬಂದ್ಲು, ಮತ್ತೊಬ್ಬರನ್ನ ಕಳಿಸಿದ್ಲು, ಊರಾಗ ನಾಕ ಮಂದೀನ ಕೇಳಿದ್ಲು. ಅರ್ಜಿ ಮುಂದ ಸರೀತು. ಆದ್ರ ನನ್ನ ನಾಲಿಗಿ ಸಲುವಾಗಿ ಅವರ ಸರತಿ ಹಿಂದ ಬಿದ್ದಿತ್ತು. ಎರಡ ಮಳಿಗಾಲ ಹೋದ್ವು. ತೇಜೂ ಮತ್ತ ಮಾತಾಡಾಕ ಹತ್ತಿದ್ಲು, ಚಾ ಕೊಟ್ಲು, ಔಷಧ ತಂದ್ಲು. ಕಪಾಟಕ್ಕ ಮಾತ್ರ ಕೀಲಿ ಹಾಕಾಕ ಸುರು ಮಾಡಿದ್ಲು.

ಹುಡುಗಿ ಬಂದಾಗ ಅದಕ್ಕ ಮೂರೂವರಿ ವರ್ಷ. ಗೌರಿ ಅಂತ ಹೆಸರ ತಾನ ತಗೊಂಡ ಬಂದಿತ್ತು. ನಮ್ಮ ಮಂದ್ಯಾಗ ಒಂದಿಬ್ಬರು ಹೆಸರ ಬದಲ ಮಾಡ್ರಿ ಅಂದ್ರು. "ಅಕಿ ಕಡೆ ಅದೊಂದ ಅಕೀದು ಐತಿ, ಅದನ್ನೂ ಕಸಗೊಳ್ಳೂದ್ಯಾಕ?" ಅಂದ್ಲು ತೇಜೂ. ಮೊದಲನೇ ತಿಂಗಳ ಅಕಿ ಹುಡುಗಿನ್ನ ನನ್ನ ಹತ್ತಿರ ಒಂದು ಗಳಿಗಿನೂ ಬಿಡಲಿಲ್ಲ. ಬಚ್ಚಲಕ್ಕ ಹೋದ್ರೂ ಕರ್ಕೊಂಡು ಹೋಗತಿದ್ಲು. ನನಗ ಯಾಕ ಅಂತ ಗೊತ್ತಿತ್ತು.

ರಜಾ ಮುಗೀತು. ಸಾಲಿಗೆ ಹೋಗಲೇಬೇಕಾದ ದಿನ ತೇಜೂ ಬಾಗಲದಾಗ ಮೂರ ಸಲ ಹೊಳ್ಳಿ ಬಂದ್ಲು. "ಆಯಿ, ಒಂದು ಹೇಳ್ತೇನಿ. ಅಕಿ ಯಾರರೆ ಕೊಟ್ಟದ್ದು ಸೀದಾ ತಿನ್ನೂದಿಲ್ಲ. ಕೊಟ್ಟಾವರು ಮೊದಲ ತಿನ್ನಬೇಕು. ನನ್ನ ಕಡೇನೂ ಹಂಗ ಮಾಡ್ತಾಳ. ಯಾಕ ಅಂತ ಯಾರಿಗೂ ಗೊತ್ತಿಲ್ಲ. ಬೈಬ್ಯಾಡ್ರಿ," ಅಂದ್ಲು. ಬೈಯೂದಿಲ್ಲ ಅಂದ್ನಿ. ನಂಬಿದ್ಲೋ ಇಲ್ಲೋ, ಹೋದ್ಲು.

ಅವತ್ತ ಚತುರ್ದಶಿ. ನಾ ಮದವಿ ಆಗಿ ಬಂದಾಗಿಂದ ಚತುರ್ದಶಿ ಉಪವಾಸ ಮಾಡಾಕಿ. ಜ್ವರಾ ಬಂದಾಗ ಸುದ್ದಾ ಬಿಟ್ಟಿಲ್ಲ, ಭರತ ಹೊಟ್ಟ್ಯಾಗ ಇದ್ದಾಗ ಸುದ್ದಾ ಬಿಟ್ಟಿಲ್ಲ. ನಡು ಮಧ್ಯಾಹ್ನ ಆತು. ಬಿಸಿ ರೊಟ್ಟಿ ಮುರದು, ತುಪ್ಪ ಬೆಲ್ಲ ಕಲಿಸಿ, ಒಂದು ತುತ್ತ ಮಾಡಿ ಗೌರಿ ಬಾಯಿ ಮುಂದ ಹಿಡದ್ನಿ. ಅಕಿ ತುಟಿ ಬಿಗಿ ಹಿಡದ್ಲು. ನನ್ನ ಕೈ ನೋಡಿದ್ಲು, ನನ್ನ ಮಾರಿ ನೋಡಿದ್ಲು. ಆ ನೋಟ ನನಗ ಪರಿಚಯದ್ದು. ಅಂಗಡ್ಯಾಂವನ ತಕಡಿ ನಾ ಹಂಗ ನೋಡತೇನಿ.

"ಇವತ್ತ ನನ್ನ ಉಪವಾಸ ಐತಿ, ನನ್ನ ಕೂಸ. ನೀ ತಿನ್ನು," ಅಂದ್ನಿ. ಅಕಿಗೆ ಅದೇನ ತಿಳೀತೈತಿ. ಅಕಿ ಹೊಟ್ಟಿ ಒಳಗ ಹೋಗಿತ್ತು, ಮುಂಜಾನೆಯಿಂದ ಏನೂ ತಿಂದಿದ್ದಿಲ್ಲ. ತನ್ನ ಸಣ್ಣ ಕೈಲೆ ನನ್ನ ಕೈ ಹಿಡದು ತುತ್ತ ಹೊಳ್ಳಿ ನನ್ನ ಬಾಯಿಗೆ ತಂದ್ಲು.

"ನೀ ಮೊದಲ."

ನಾ ಬಾಯಿ ತಗದ್ನಿ. ಅಗದ್ನಿ. ನುಂಗಿದ್ನಿ. ಅಕಿ ನನ್ನ ಗಂಟಲದಾಗಿಂದ ಅದು ಕೆಳಗ ಇಳಿಯೂ ತನಕ ನೋಡಿದ್ಲು, ಆಮ್ಯಾಗ ತಾ ಬಾಯಿ ತಗದ್ಲು.